ಬ್ರಸೆಲ್ಸ್ ಸ್ಪ್ರೌಟ್ಸ್ ಪ್ರಯೋಗ: ಐದನೇ ವಾರ

ಪುಟಾಣಿ ಎಲೆಕೋಸಿನ ಹಾಗಿರುವ ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನು ವಾರಕ್ಕೊಂದು ರೀತಿಯಲ್ಲಿ ಮಾಡಿ ನೋಡುತ್ತಿದ್ದೇನೆ. ಈ ವಾರ ಮಾಡಿದ್ದು ಪೂರ್ತಿ ಖಾಲಿಯಾಯಿತು. ತುಂಬಾ ಖುಷಿಯಾಗಿದೆ!

ಮೊದಲ ವಾರ 20 ನಿಮಿಷ ನೀರಿನಲ್ಲಿ ಬೇಯಿಸಿದ್ದೆ. ಹಸಿರು ಮಾಸಿ, ಅಡುಗೆಮನೆಯೆಲ್ಲ ಗಂಧಕದ ವಾಸನೆ. ಈ ತರಕಾರಿಯೇ ಹೀಗೆ ಅಂದುಕೊಂಡೆ. ತರಕಾರಿಯದೇನೂ ತಪ್ಪಿರಲಿಲ್ಲ. ಎಲೆಕೋಸು, ಹೂಕೋಸು, ಬ್ರೊಕೊಲಿಯ ಹಾಗೆ ಇದರಲ್ಲೂ ಗ್ಲುಕೋಸಿನೊಲೇಟ್ ಎಂಬ ಗಂಧಕದ ಅಂಶಗಳಿವೆ. ಬೇಯಿಸುವ ಹೊತ್ತು ಹೆಚ್ಚಿದಷ್ಟೂ ವಾಸನೆ ಜಾಸ್ತಿ. ಕಹಿಗೂ ಅವೇ ಕಾರಣ.

ಎರಡನೇ ವಾರ 7 ನಿಮಿಷ ಹಬೆಯಲ್ಲಿಟ್ಟೆ. ವಾಸನೆ ಹೋಯಿತು, ಆದರೆ ರುಚಿ ಸಪ್ಪೆ. ಆಮೇಲಿನ ಎರಡು ವಾರ ಓವನ್. ಒಮ್ಮೆ ತೊಳೆದು ಹಾಗೇ ಒದ್ದೆಯಾಗಿ ಟ್ರೇ ತುಂಬ ಸುರಿದೆ. ಹುರಿಯುವ ಬದಲು ಬೆಂದು ಮೆತ್ತಗಾದವು. ಇನ್ನೊಮ್ಮೆ ಇಡಿಯಾಗಿ ಹಾಕಿದೆ. ಹೊರಗೆ ಕಪ್ಪು, ಒಳಗೆ ಹಸಿ.

ಈ ಸಲ ಬುಡ ಸ್ವಲ್ಪ ಕತ್ತರಿಸಿ, ಒಂದೊಂದನ್ನೂ ಎರಡು ಹೋಳು ಮಾಡಿದೆ. ಬಟ್ಟೆಯಲ್ಲಿ ಒತ್ತಿ ಒಂದು ಹನಿ ನೀರೂ ಇಲ್ಲದಂತೆ ಒರೆಸಿದೆ. ಇದಕ್ಕೇ ಹತ್ತು ನಿಮಿಷ ಹಿಡಿಯಿತು, ಆದರೆ ರುಚಿ ಬಂದಿದ್ದು ಇದರಿಂದಲೇ. ನೀರು ಆರುವ ತನಕ ಕೆಂಪಗಾಗುವುದೇ ಇಲ್ಲ, ಅಲ್ವಾ? ಕತ್ತರಿಸಿದ ಮೇಲೆ ಅರ್ಧ ಗಂಟೆ ಸುಮ್ನೆ ಬಿಟ್ಟೆ. ಕತ್ತರಿಸಿದಾಗ ಮೈರೋಸಿನೇಸ್ ಎಂಬ ಕಿಣ್ವ ಗ್ಲುಕೋಸಿನೊಲೇಟನ್ನು ಒಡೆಯುತ್ತದೆ. ದೇಹಕ್ಕೆ ಒಳ್ಳೆಯದು ಎನ್ನುವ ಐಸೊಥಯೊಸಯನೇಟ್‌ಗಳು ಆಗ ಹುಟ್ಟುತ್ತವೆ. ಬಿಸಿ ತಾಗಿದರೆ ಆ ಕಿಣ್ವ ಕೆಡುತ್ತದೆ, ಅದಕ್ಕೇ ಕಾಯುವುದು.

ಓವನ್ 220 ಡಿಗ್ರಿ ಸೆಲ್ಸಿಯಸ್. ಖಾಲಿ ಟ್ರೇಯನ್ನೂ ಒಳಗಿಟ್ಟು ಕಾಯಿಸಿದೆ. ಎಣ್ಣೆ, ಉಪ್ಪು ಸವರಿ, ಕತ್ತರಿಸಿದ ಮುಖ ಕೆಳಗೆ ಮಾಡಿ, ಬಿಡಿಬಿಡಿಯಾಗಿ ಜೋಡಿಸಿದೆ. 20 ನಿಮಿಷಕ್ಕೆ ತಳ ಕಂದು, ಉದುರಿದ ಎಲೆಗಳು ಗರಿಗರಿ. ಕೊನೆಗೆ ನಿಂಬೆರಸ, ಕಾಳುಮೆಣಸು. ಕಹಿ ಚೂರು ಉಳಿದಿತ್ತು, ಅದು ಬೇಕು ಕೂಡ.

100 ಗ್ರಾಂ ಹಸಿ ಸ್ಪ್ರೌಟ್ಸ್‌ನಲ್ಲಿ ಸುಮಾರು 85 ಮಿಲಿಗ್ರಾಂ ವಿಟಮಿನ್ ಸಿ, 4 ಗ್ರಾಂ ಹತ್ತಿರ ನಾರು ಇದೆ. ಕ್ಯಾಲೊರಿ ಬರೀ 43. ವಿಟಮಿನ್ ಸಿ ನೀರಿಗೆ ಬಿಟ್ಟುಕೊಳ್ಳುತ್ತದೆ, ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ವಿಟಮಿನ್ ಕೆ ಕೂಡ ತುಂಬಾ ಇದೆ. ಅದು ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ, ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧ ತೆಗೆದುಕೊಳ್ಳುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಒಮ್ಮೆಲೇ ಜಾಸ್ತಿ ತಿನ್ನಲು ಶುರು ಮಾಡಬೇಡಿ.

ಮುಂದಿನ ವಾರ ಹಸಿಯಾಗಿಯೇ ತೆಳ್ಳಗೆ ಹೆಚ್ಚಿ, ಉಪ್ಪು, ನಿಂಬೆರಸ ಹಾಕಿ ಕಿವುಚಿ ನೋಡುತ್ತೇನೆ.