ಯಾರ ಬಲ?

ಅಂಗರಚನಾಶಾಸ್ತ್ರದ ಮೊದಲ ತರಗತಿಯಲ್ಲಿ ನಮ್ಮ ಪ್ರಾಧ್ಯಾಪಕರು ಪುಸ್ತಕವನ್ನು ತೆರೆಯಲೇ ಇಲ್ಲ. ವೇದಿಕೆಯ ನಡುವೆ ನೆಟ್ಟಗೆ ನಿಂತು, ಪಾದಗಳನ್ನು ಜೋಡಿಸಿ, ದೃಷ್ಟಿಯನ್ನು ನೇರವಾಗಿರಿಸಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಅಂಗೈಗಳನ್ನು ನಮ್ಮತ್ತ ತಿರುಗಿಸಿದರು. ದೇಹವು ಅಂಗಾತವಾಗಿರಲಿ, ಬೋರಲಾಗಿರಲಿ, ಅದನ್ನು ವರ್ಣಿಸುವಾಗ ಹೀಗೆ ನಿಂತಿದೆಯೆಂದೇ ಭಾವಿಸಬೇಕು ಎಂದರು. ಬಳಿಕ ನನ್ನತ್ತ ನೋಡಿ, "ಹೆಬ್ಬೆರಳು ಮೀಡಿಯಲ್ಲೋ, ಲ್ಯಾಟರಲ್ಲೋ?" ಎಂದು ಕೇಳಿದರು. ಮೇಜಿನ ಮೇಲೆ ಮಗುಚಿಟ್ಟಿದ್ದ ನನ್ನ ಕೈಯನ್ನು ನೋಡಿಕೊಂಡು, ಹೆಬ್ಬೆರಳು ದೇಹದ ನಡುರೇಖೆಯ ಕಡೆಗಿದೆಯಲ್ಲ ಎಂದುಕೊಂಡು, "ಮೀಡಿಯಲ್, ಸರ್" ಎಂದೆ. ಅವರು ನನ್ನನ್ನು ನಿಲ್ಲಿಸಿ ಅಂಗೈ ತಿರುಗಿಸಲು ಹೇಳಿದರು. ಹೆಬ್ಬೆರಳು ಹೊರಮಗ್ಗುಲಿಗೆ ಹೋಯಿತು. ಅಂಗೈ ಮುಂದಕ್ಕಿದ್ದಾಗ ಮುಂದೋಳಿನ ರೇಡಿಯಸ್ ಮತ್ತು ಅಲ್ನಾ ಮೂಳೆಗಳು ಅಕ್ಕಪಕ್ಕದಲ್ಲಿ ಸಾಲಾಗಿರುತ್ತವೆ, ಕೈಯನ್ನು ಮಗುಚಿದೊಡನೆ ರೇಡಿಯಸ್ ಅಲ್ನಾವನ್ನು ಅಡ್ಡಹಾಯುತ್ತದೆ ಎಂಬುದನ್ನು ಅಂದು ನನ್ನ ಕೈಯಲ್ಲೇ ಮುಟ್ಟಿ ತೋರಿಸಿದರು.

ಎರಡನೆಯ ತಪ್ಪನ್ನು ನಾನು ಪ್ರಾಯೋಗಿಕ ಪುಸ್ತಕದಲ್ಲಿ ಮಾಡಿದೆ. ಎದುರಿನಿಂದ ಕಂಡಂತೆ ಶ್ವಾಸಕೋಶಗಳ ಚಿತ್ರ ಬರೆದು, ನನ್ನ ಬಲಗೈ ಕಡೆಗಿದ್ದುದಕ್ಕೆ ಬಲವೆಂದೂ ಮೂರು ಹಾಲೆಗಳೆಂದೂ, ಇನ್ನೊಂದಕ್ಕೆ ಎಡವೆಂದೂ ಎರಡು ಹಾಲೆಗಳೆಂದೂ ಗುರುತಿಸಿದ್ದೆ. ಹಾಲೆಗಳ ಎಣಿಕೆ ಸರಿಯಿತ್ತು, ಶ್ವಾಸಕೋಶಗಳು ಮಾತ್ರ ಅದಲುಬದಲಾಗಿದ್ದವು. ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಯಾರ ಬಲ?" ಎಂಬ ಎರಡೇ ಪದಗಳಿದ್ದವು. ಇಂದು ಸ್ಕ್ಯಾನ್ ಚಿತ್ರಗಳನ್ನು ಓದುವುದೇ ನನ್ನ ಕೆಲಸ. ಹೊಟ್ಟೆಯ ಸಿ.ಟಿ. ಚಿತ್ರವನ್ನು ರೋಗಿಯ ಪಾದಗಳ ಕಡೆಯಿಂದ ನೋಡುತ್ತಿರುವಂತೆ ಜೋಡಿಸುವುದರಿಂದ ಅವರ ಬಲಭಾಗದ ಯಕೃತ್ತು ನನ್ನ ಪರದೆಯ ಎಡಕ್ಕೆ ಕಾಣುತ್ತದೆ, ಆ ಎರಡು ಪದಗಳನ್ನು ನೆನೆಯದೆ ನಾನು ವರದಿಗೆ ಸಹಿ ಹಾಕಿದ್ದಿಲ್ಲ.

ಸಮತಲಗಳ ಪಾಠಕ್ಕೆ ಅವರು ತಲೆಬುರುಡೆಯೊಂದನ್ನು ತಂದಿದ್ದರು. ನೆತ್ತಿಯ ನಡುವೆ ಮುಂದಿನಿಂದ ಹಿಂದಕ್ಕೆ ಸಾಗುವ ಹೊಲಿಗೆಯಂಥ ಸಂಧಿಯ ಮೇಲೆ ಬೆರಳಾಡಿಸಿ, ಲ್ಯಾಟಿನ್ನಿನಲ್ಲಿ ಸಜಿಟಾ ಎಂದರೆ ಬಾಣ, ದೇಹವನ್ನು ಎಡಬಲವಾಗಿ ಸೀಳುವ ಸ್ಯಾಜಿಟಲ್ ಸಮತಲ ಈ ಸಂಧಿಯ ದಿಕ್ಕಿನದೇ ಎಂದರು. ಅದಕ್ಕೆ ಅಡ್ಡವಾಗಿ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗುವ ಸಂಧಿಯನ್ನು ತೋರಿಸಿ, ಕಿರೀಟವೆಂಬ ಅರ್ಥದ ಕೊರೊನಾದಿಂದ ಬಂದ ಕೊರೊನಲ್ ಸಮತಲವು ದೇಹವನ್ನು ಮುಂಭಾಗ ಹಿಂಭಾಗಗಳಾಗಿ ಬೇರ್ಪಡಿಸುತ್ತದೆ ಎಂದರು. ಮೇಲು ಕೆಳಗುಗಳನ್ನು ಬೇರ್ಪಡಿಸುವ ಟ್ರಾನ್ಸ್‌ವರ್ಸ್ ಸಮತಲಕ್ಕೆ ಒಂದು ವಾಕ್ಯ ಸಾಕಾಯಿತು.

ಪ್ರದೇಶಗಳ ಹೆಸರುಗಳಲ್ಲಿ ಅವರು ಇನ್ನೂ ಕಟ್ಟುನಿಟ್ಟು. ನಾವು ಭುಜದಿಂದ ಬೆರಳ ತುದಿಯವರೆಗೂ ಕೈ ಎನ್ನುತ್ತೇವೆ. ಅವರಿಗೆ ಭುಜದಿಂದ ಮೊಣಕೈವರೆಗೆ ಬ್ರೇಕಿಯಂ, ಅಲ್ಲಿಂದ ಮಣಿಕಟ್ಟಿನವರೆಗೆ ಆಂಟಿಬ್ರೇಕಿಯಂ. ಹೊಟ್ಟೆನೋವು ಎಂಬ ಮಾತನ್ನಂತೂ ಅವರು ಒಪ್ಪುತ್ತಲೇ ಇರಲಿಲ್ಲ. ಎರಡು ಉದ್ದ ಗೆರೆ, ಎರಡು ಅಡ್ಡ ಗೆರೆಗಳಿಂದ ಉದರವನ್ನು ಒಂಬತ್ತು ಮನೆಗಳಾಗಿಸಿ, ನೋವು ಯಾವ ಮನೆಯದೆಂದು ಕೇಳುತ್ತಿದ್ದರು. ಅಪೆಂಡಿಕ್ಸಿನ ಉರಿಯೂತದಲ್ಲಿ ನೋವು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಆರಂಭವಾಗಿ ಬಲ ಇಲಿಯಾಕ್ ಪ್ರದೇಶಕ್ಕೆ, ಎಂದರೆ ಕೆಳಹೊಟ್ಟೆಯ ಬಲಮನೆಗೆ, ಇಳಿಯುತ್ತದೆ ಎಂದು ಅವರು ವಿವರಿಸಿದಾಗ, ನೋವು ಸರಿದ ದಾರಿಯನ್ನೇ ಹೇಳಬಲ್ಲ ಆ ಮನೆಗಳ ಬೆಲೆ ನನಗೆ ತಿಳಿಯಿತು. ಒಂದೇ ರಚನೆಗೆ ಹಲವು ಹೆಸರುಗಳಿದ್ದ ಗೊಂದಲವನ್ನು ನೀಗಲು 1895ರಲ್ಲಿ ಬಾಸೆಲ್ ನಗರದಲ್ಲಿ ಅಂಗರಚನಾ ತಜ್ಞರು ಒಪ್ಪಿದ ಪಟ್ಟಿಯ ಬಗ್ಗೆ ಅವರು ಗೌರವದಿಂದ ಮಾತನಾಡುತ್ತಿದ್ದರು.

ಒಂದು ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದಿತ್ತು. ಕೈಯ ಹೆಬ್ಬೆರಳು ಲ್ಯಾಟರಲ್ ಆದರೆ ಕಾಲಿನ ಹೆಬ್ಬೆರಳು ಮೀಡಿಯಲ್ ಏಕೆ, ಪಾದದ ಮೇಲ್ಭಾಗವನ್ನು ಬೆನ್ನಿನ ಕಡೆಯೆಂಬ ಅರ್ಥದ ಡಾರ್ಸಮ್ ಎಂದು ಕರೆಯುವುದೇಕೆ ಎಂದು ಕೇಳಿದಾಗ, ಭ್ರೂಣಶಾಸ್ತ್ರದ ಪಾಠದವರೆಗೆ ಕಾಯಬೇಕೆಂದಿದ್ದರು. ಆ ಪಾಠದ ದಿನ ಅವರು ಮರೆಯದೆ ನನ್ನನ್ನೇ ಎದ್ದು ನಿಲ್ಲಿಸಿ, ತೋಳುಗಳನ್ನು ಪಕ್ಕಕ್ಕೆ ಚಾಚಿ, ಹೆಬ್ಬೆರಳುಗಳನ್ನು ಮೇಲ್ಮುಖವಾಗಿ ಹಿಡಿಯಲು ಹೇಳಿದರು. ಭ್ರೂಣದಲ್ಲಿ ಮೊಳೆತ ಕೈಕಾಲುಗಳೆರಡರ ಹೆಬ್ಬೆರಳುಗಳೂ ಹೀಗೆ ತಲೆಯ ಕಡೆಗೇ ಇರುತ್ತವೆ; ಆಮೇಲೆ ಕೈಗಳು ಹೊರಮುಖವಾಗಿ ಸುಮಾರು 90 ಡಿಗ್ರಿ ತಿರುಗಿ ಮೊಣಕೈಗಳು ಹಿಂದಕ್ಕಾಗುತ್ತವೆ, ಕಾಲುಗಳು ಅಷ್ಟೇ ಒಳಮುಖವಾಗಿ ತಿರುಗಿ ಮೊಣಕಾಲುಗಳು ಮುಂದಕ್ಕೆ ಬರುತ್ತವೆ, ಬೆನ್ನಿನ ಕಡೆಗಿದ್ದ ಅವುಗಳ ಮೈ ಮುಂದಾಗುತ್ತದೆ ಎಂದು ವಿವರಿಸುತ್ತ, ಅವರು ನನ್ನ ಚಾಚಿದ ತೋಳನ್ನು ಹಿಡಿದು ಮೆಲ್ಲನೆ ಹೊರಕ್ಕೆ ತಿರುಗಿಸಿದರು.