ಮೊಟ್ಟೆ ಬಂತಾ ಟೀಚರೇ?

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. 14 ವರ್ಷವಾಯಿತು. ಊರವರು ಟೀಚರ್ ಅಂತಲೇ ಕರೆಯುತ್ತಾರೆ. ಆದರೆ ಬಾಗಿಲಿಗೆ ಬಂದು ಕೇಳುವುದು ಮಾತ್ರ "ಮೊಟ್ಟೆ ಬಂತಾ ಟೀಚರೇ?" ಅಂತ.

ತಪ್ಪು ಅವರದ್ದಲ್ಲ. 1975ರಲ್ಲಿ ಶುರುವಾದ ಈ ಅಂಗನವಾಡಿ ಯೋಜನೆಯಲ್ಲಿ ಊಟ, ಚುಚ್ಚುಮದ್ದು, ತಪಾಸಣೆ ಕಣ್ಣಿಗೆ ಕಾಣುತ್ತವೆ. 3ರಿಂದ 6 ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣವೂ ಅದರದ್ದೇ ಕೆಲಸ ಅನ್ನುವುದು ಕಾಣುವುದಿಲ್ಲ. ಮಕ್ಕಳು ಆಡುತ್ತಿರುತ್ತಾರೆ, ಅಷ್ಟೇ ಅಲ್ವಾ?

ಕೆಲವು ವರ್ಷದ ಹಿಂದೆ ಪೇಟೆಯ ಕಾನ್ವೆಂಟಿನ ವ್ಯಾನ್ ನಮ್ಮೂರ ಕ್ರಾಸಿಗೆ ಬರಲು ಶುರುವಾಯಿತು. 17 ಮಕ್ಕಳಲ್ಲಿ 6 ಮಕ್ಕಳು ಹತ್ತಿ ಹೋದರು. ನನಗೆ ಹೊಟ್ಟೆಯುರಿ, ಸುಳ್ಳೇಕೆ ಹೇಳಲಿ. ಉಳಿದವರಾದರೂ ಇರಲಿ ಅಂತ ಎಲ್ಲರ ಕೈಗೂ ಸ್ಲೇಟು ಕೊಟ್ಟೆ. ಮೂರೂವರೆ ವರ್ಷದವರಿಗೂ ಅ, ಆ ತಿದ್ದಿಸಿದೆ. ಒಂದು ಹುಡುಗಿ ಬಳಪವನ್ನು ಮುಷ್ಟಿಯಲ್ಲಿ ಒನಕೆ ಹಿಡಿದ ಹಾಗೆ ಹಿಡಿದು ಒತ್ತುತ್ತಿದ್ದಳು. ದಿನಕ್ಕೆ ಎರಡು ಬಳಪ ಮುರಿಯುತ್ತಿತ್ತು. ಬೆರಳಿಗೆ ಇನ್ನೂ ಹಿಡಿತವೇ ಬಂದಿರಲಿಲ್ಲ. ತಾಯಂದಿರಿಗೆ ಮಾತ್ರ ಖುಷಿಯೋ ಖುಷಿ. ಮೂರನೇ ವಾರ ಅವಳು ಬಾಗಿಲ ಚೌಕಟ್ಟು ತಬ್ಬಿಕೊಂಡು ಒಳಗೆ ಬರಲ್ಲ ಅಂತ ಅತ್ತಳು. ಅಳಿಸಿದ್ದು ನಾನೇ. ಸ್ಲೇಟು ಕಪಾಟು ಸೇರಿತು.

ತಾಯಂದಿರ ಸಭೆಯಲ್ಲಿ ಚಾರ್ಟು ಹಿಡಿದು ಮಿದುಳಿನ ಬೆಳವಣಿಗೆ ಬಗ್ಗೆ ಹೇಳಿದ್ದೂ ಇದೆ. ತಲೆ ಆಡಿಸಿ ಎದ್ದು ಹೋದರು.

ದಾರಿ ತೋರಿಸಿದ್ದು ಮಳೆ. ಜೂನ್‌ನಲ್ಲಿ ಒಂದು ದಿನ ಮೊಮ್ಮಗನನ್ನು ಬಿಡಲು ಬಂದ ಅಜ್ಜ, ಮಳೆ ಹಿಡಿದದ್ದರಿಂದ ಕಂಬಳಿಕೊಪ್ಪೆ ತೆಗೆದಿಟ್ಟು ಒಳಗೇ ಕೂತರು. ಮಕ್ಕಳ ಮುಂದೆ ಹಲಸಿನ ಬೇಳೆ, ಹುಣಸೆ ಬೀಜ, ಹೊಂಗೆ ಬೀಜ ಸುರಿದಿದ್ದೆ. ಮೂರು ತಟ್ಟೆಗೆ ಬೇರೆ ಮಾಡಿ ಹಾಕಬೇಕು. (ಬೀಜ ಬಾಯಿಗೆ, ಮೂಗಿಗೆ ಹೋಗದ ಹಾಗೆ ಸಹಾಯಕಿ ಪಕ್ಕದಲ್ಲೇ ಕೂತಿರುತ್ತಾರೆ.) ಮೊಮ್ಮಗ ಒಂದು ಪುಟ್ಟ ಹಲಸಿನ ಬೇಳೆ ಹಿಡಿದು ಎಷ್ಟೋ ಹೊತ್ತು ನೋಡಿದ. ದೊಡ್ಡದರ ಪಕ್ಕ ಇಟ್ಟ, ತೆಗೆದ. ಕೊನೆಗೆ ಇನ್ನೊಂದು ತಟ್ಟೆ ಬೇಕು ಅಂದ.

ಅಜ್ಜ ನಕ್ಕುಬಿಟ್ಟರು. "ಇವ ಬೆಟ್ಟೆ, ಗೊರಬಲು ಬೇರೆ ಮಾಡೋದು ಕಲೀತಿದ್ದಾನಲ್ಲ ಟೀಚರೇ!"

ಬೆಟ್ಟೆ, ಗೊರಬಲು ಅಂದರೆ ಅಡಿಕೆಯ ದರ್ಜೆಗಳು. ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುವವರಿಗೆ ವಿಂಗಡಣೆಯ ಬೆಲೆ ನಾನು ಹೇಳಬೇಕಾ? ಹೋಲಿಸಿ ನೋಡಲು ಬಂದರೆ ಲೆಕ್ಕ ಕಷ್ಟವಾಗಲ್ಲ, ಬೀಜ ಹೆಕ್ಕಿದ ಬೆರಳಿಗೇ ನಾಳೆ ಬಳಪ ಹಿಡಿಯಲು ಬರುವುದು ಅಂದೆ. ಅವರು ಸುಮ್ನೆ ತಲೆ ಆಡಿಸಲಿಲ್ಲ. "ಹಾಗಾದ್ರೆ ಮಕ್ಕಳಿಗೆ ಹಾಡು ಹೇಳಿಸೋದು ಯಾಕೆ?" ಅಂತ ಕೇಳಿದರು. 14 ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಈಗ ಮಕ್ಕಳ ಮನೆಯವರಲ್ಲಿ ವಾರಕ್ಕೊಬ್ಬರನ್ನು ಅರ್ಧ ಗಂಟೆ ಮಕ್ಕಳ ಜೊತೆ ನೆಲದ ಮೇಲೆ ಕೂರಿಸುತ್ತೇನೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಯಾರೂ ಸಿಗುವುದಿಲ್ಲ. ಆಗ ಸುಲಿಯುವ ಜಗಲಿಗೇ ಹೋಗಿ, ಮಾತಾಡುತ್ತಾ ನಾನೂ ಮೆಟ್ಟುಗತ್ತಿ ಹಿಡಿಯುತ್ತೇನೆ. ಒಮ್ಮೆ ಬೆರಳು ಕೊಯ್ದುಕೊಂಡೂ ಆಗಿದೆ.

ವ್ಯಾನ್ ಈಗಲೂ ಬರುತ್ತದೆ. ಹೋದವರಲ್ಲಿ ಇಬ್ಬರು ವಾಪಸ್ ಬಂದರು, ಅಷ್ಟೇ. ಮೊಟ್ಟೆ ಬಂತಾ ಅಂತ ಕೇಳುವುದೂ ನಿಂತಿಲ್ಲ. ಅಜ್ಜ ಮಾತ್ರ ಮೊನ್ನೆ ಒಂದು ಚೀಲ ಹಲಸಿನ ಬೇಳೆ ತಂದುಕೊಟ್ಟರು. "ದೊಡ್ಡದು, ಸಣ್ಣದು, ನಡು ಗಾತ್ರದ್ದು ಎಲ್ಲ ಕಲಸಿಟ್ಟಿದ್ದೇನೆ ಟೀಚರೇ. ಈ ಸಲ ಬೇಳೆಗೇ ಮೂರು ತಟ್ಟೆ ಬೇಕು" ಅಂದರು.