ಮೂರನೆಯ ಚಿಲಕ

ಮನೆಯಲ್ಲಿ ಕಳ್ಳತನವಾಗಿ ಮೂರು ವಾರ ಕಳೆದಿತ್ತು. ಹೋದದ್ದು ಒಂದು ಸರ, ಒಂದು ಹಳೆಯ ಮೊಬೈಲ್. ಅವುಗಳ ಬೆನ್ನಿಗೆ ನನ್ನ ನಿದ್ದೆಯೂ ಹೋಯಿತು. ಹಿಂಬಾಗಿಲಿಗೆ ಮೂರನೆಯ ಚಿಲಕ ಹಾಕಿಸಿದೆ. ಚಿಲಕ ಹೆಚ್ಚಿದಂತೆ ನೋಡಿಬರುವ ಕೆಲಸವೂ ಹೆಚ್ಚಿತು. ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಏಳುತ್ತಿದ್ದೆ. ಕಣ್ಣಿಗೆ ಕಂಡರೆ ಸಾಲದು, ಕೈಗೆ ತಾಕಬೇಕು.

ಒಂದು ರಾತ್ರಿ ಹಾಗೆ ಎದ್ದಾಗ ಅತ್ತೆಯೂ ಎದ್ದು ಕುಳಿತಿದ್ದರು. “ಇಡೀ ರಾತ್ರಿ ನೀನೇ ಕಾಯಬೇಕೇನಮ್ಮ?” ಎಂದರು. ನನಗೆ ರೇಗಿತು. ಕಳ್ಳ ಬಂದಾಗ ಗೊರಕೆ ಹೊಡೆಯುತ್ತಿದ್ದವರು ಇವರೇ ಅಲ್ಲವೇ! (ನಾನೂ ಮಲಗಿದ್ದೆ, ಆ ಮಾತು ಬೇರೆ.) ಅವರು ವಾದಕ್ಕಿಳಿಯಲಿಲ್ಲ. ಕನ್ನಡಕ ಸಿಗುತ್ತಿಲ್ಲ, ಮೂರನೆಯ ಕೀರ್ತನೆ ಓದು ಎಂದು ಸತ್ಯವೇದವನ್ನು (ಬೈಬಲನ್ನು) ನನ್ನ ಕೈಗಿಟ್ಟರು.

23ನೆಯ ಕೀರ್ತನೆ ಚಿಕ್ಕಂದಿನಿಂದಲೂ ಬಾಯಿಪಾಠ. ಮೂರನೆಯದರ ಹತ್ತಿರ ನಾನು ಎಂದೂ ನಿಂತವಳಲ್ಲ. ಎಂಟೇ ವಚನ. ದಾವೀದನು ತನ್ನ ಮಗ ಅಬ್ಷಾಲೋಮನಿಂದ ತಪ್ಪಿಸಿಕೊಂಡು ಓಡಿದಾಗಿನದು ಎಂದು ತಲೆಬರಹವೇ ಹೇಳುತ್ತದೆ. ಅರಮನೆ ಬಿಟ್ಟು, ತಲೆಗೆ ಮುಸುಕು ಹಾಕಿಕೊಂಡು, ಬರಿಗಾಲಲ್ಲಿ ಅಳುತ್ತ ಎಣ್ಣೇಮರಗಳ ಗುಡ್ಡ ಹತ್ತಿದ ಅರಸ. ಬೆನ್ನಟ್ಟಿದವನು ಹೊರಗಿನ ಕಳ್ಳನಲ್ಲ, ರಾಜ್ಯ ಕಸಿಯಲೆದ್ದ ಹೆತ್ತ ಮಗ. ಐದನೆಯ ವಚನದಲ್ಲಿ ಆ ಅರಸ ತಾನು ಮಲಗಿ ನಿದ್ದೆಮಾಡಿ ಎಚ್ಚೆತ್ತೆನೆಂದು ಹೇಳುತ್ತಾನೆ, ಯೆಹೋವನೇ ತನಗೆ ಆಧಾರವೆನ್ನುತ್ತಾನೆ.

ನಾನು ಅಲ್ಲಿಯೇ ಓದು ನಿಲ್ಲಿಸಿದೆ. ನಂಬಿದವರ ಮನೆಗೆ ಕೇಡು ಬಾರದೆಂದು ಸಮಾಧಾನ ಹೇಳಿದವರು ಆ ಮೂರು ವಾರಗಳಲ್ಲಿ ಬಹಳ ಜನ. ಅದು ನನಗೆ ಒಗ್ಗಿರಲಿಲ್ಲ. ಸಂಜೆ ಪ್ರಾರ್ಥನೆ ಮಾಡಿ ಮಲಗಿದ ಮನೆಗೇ ತಾನೆ ಕಳ್ಳ ನುಗ್ಗಿದ್ದು? ಇಲ್ಲಿ ಅಂಥ ಮಾತಿರಲಿಲ್ಲ. ದಾವೀದ ಮಲಗಿದಾಗ ರಾಜ್ಯ ಮರಳಿ ಕೈಗೆ ಬಂದಿರಲಿಲ್ಲ, ಶತ್ರುಗಳು ಸುತ್ತಲೂ ಇದ್ದರು. ಅಪಾಯ ಇದ್ದಲ್ಲಿಯೇ ಇತ್ತು, ಕಾವಲು ಮಾತ್ರ ಅವನದಾಗಿರಲಿಲ್ಲ.

ದೊಡ್ಡ ಪ್ರಾರ್ಥನೆಯೇನೂ ಹೊರಡಲಿಲ್ಲ. “ಕರ್ತನೇ, ಈ ಬಾಗಿಲು ನನ್ನಿಂದಾಗದು” ಎಂದೆ. ಅತ್ತೆ ಆಮೆನ್ ಎಂದರು, ದೀಪ ಆರಿಸಿದರು, ಎರಡು ನಿಮಿಷದಲ್ಲಿ ಗೊರಕೆ ಶುರುವಾಯಿತು. ಮೂರು ಗಂಟೆಗೆ ಎಚ್ಚರವಾದಾಗ ಅಭ್ಯಾಸದಂತೆ ಕಾಲು ನೆಲಕ್ಕಿಟ್ಟೆ. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ನೆಲ ತಣ್ಣಗಿತ್ತು. ಕಾಲನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡೆ.

ಸರ ಸಿಗಲಿಲ್ಲ. ಗಾಳಿ ಬೀಸುವ ರಾತ್ರಿಗಳಲ್ಲಿ ಈಗಲೂ ಎದ್ದು ಚಿಲಕ ಮುಟ್ಟಿ ಬರುತ್ತೇನೆ, ಒಂದು ಸಲ. ಅತ್ತೆಗೆ ಗೊತ್ತಾದರೆ, “ಇವತ್ತು ಪಾಳಿ ನಿನ್ನದೇನಮ್ಮ?” ಎಂದು ಕತ್ತಲಲ್ಲಿಯೇ ಕೇಳುತ್ತಾರೆ.